ಅಂಗಾಂಗ ಕಸಿ ಮತ್ತು ಗರ್ಭ: ರೋಗನಿರೋಧಕ ಪ್ರತಿಕ್ರಿಯೆಯ ಒಂದು ಅಭ್ಯಾಸ ಪಾಠ

ತರಗತಿ: ಹತ್ತು. ಅವಧಿ: 45 ನಿಮಿಷದ ಎರಡು ಪಾಠಗಳು. ಪೂರ್ವಜ್ಞಾನ: ರಕ್ತದ ಘಟಕಗಳು, ಜರಾಯು, ಅನುವಂಶೀಯತೆ. ಕಲಿಕೋಪಕರಣ: ಕಸಿ ಮಾಡಿದ ಒಂದು ಮಾವಿನ ಸಸಿ, ಬರೆಯದ ಒಂದು ತಾಯಿ ಕಾರ್ಡ್, ಬಣ್ಣದ ಸೀಮೆಸುಣ್ಣ.

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಅಂಗದಾನದ ಮಾತು ಬರುವುದು ಜೀವಕ್ರಿಯೆಗಳ ಅಧ್ಯಾಯದಲ್ಲಿ. ಜರಾಯು ಬರುವುದು ಸಂತಾನೋತ್ಪತ್ತಿಯ ಅಧ್ಯಾಯದಲ್ಲಿ. ಎರಡರ ನಡುವೆ ಹಲವು ವಾರಗಳ ಪಾಠ ಇರುತ್ತದೆ. ಇವೆರಡನ್ನೂ ಒಂದೇ ಹಲಗೆಯ ಮೇಲೆ ತರಬೇಕೆಂದು ನನಗೆ ಅನಿಸಿದ್ದು ಸಂತೆಕಲ್ಲೂರಿನ ಅಭ್ಯಾಸ ಬೋಧನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಯಿಂದ: “ಮೇಡಮ್ರೀ, ಮಂದಿ ಕಿಡ್ನಿ ಹಾಕಿದ್ರ ಮೈ ಒಲ್ಲೆ ಅಂತೈತಿ ಅಂದ್ರಿ. ಕೂಸಿನ್ಯಾಗ ಅರ್ಧ ಅಪ್ಪಂದು ಇರ್ತೈತಲ್ರೀ, ಅದನ್ಯಾಕ ಒಲ್ಲೆ ಅನ್ನಂಗಿಲ್ಲ?” ಇದೇ ಪ್ರಶ್ನೆಯನ್ನು 1953ರಲ್ಲಿ ಇಂಗ್ಲೆಂಡಿನ ಪೀಟರ್ ಮೆಡಾವರ್ ವಿಜ್ಞಾನಿಗಳ ಮುಂದೆ ಇಟ್ಟಿದ್ದರು. ಆ ಹುಡುಗಿಗೆ ಅದನ್ನು ಹೇಳಿದೆ. ಹೇಳಲೇಬೇಕಾದ ಮಾತು ಅದು.

ಪೀಠಿಕೆಗೆ ಮಾವಿನ ಸಸಿ ಸಾಕು. ‘ಅಂಗಾಂಗ ಕಸಿ’ ಎಂಬಲ್ಲಿನ ‘ಕಸಿ’ ತೋಟದಿಂದ ಬಂದ ಮಾತು. ಹುಳಿಮಾವಿನ ಬುಡಕ್ಕೆ ಸಿಹಿಮಾವಿನ ಕಡ್ಡಿ ಕಟ್ಟಿದರೆ ಕೂಡಿಕೊಳ್ಳುತ್ತದೆ ಎಂಬುದು ಮಕ್ಕಳಿಗೆ ಗೊತ್ತು. ಆದ್ದರಿಂದಲೇ ಈ ಪದ ಅವರ ದಾರಿ ತಪ್ಪಿಸುತ್ತದೆ: ಕಿಡ್ನಿಯನ್ನೂ ಹೊಲಿದುಬಿಟ್ಟರೆ ಹತ್ತಿಕೊಳ್ಳುತ್ತದೆ ಎಂದುಕೊಳ್ಳುತ್ತಾರೆ. ಗಿಡದೊಳಗೆ ಊರೆಲ್ಲ ಸುತ್ತಿ ‘ನೀನು ಯಾರ ಮನೆಯವ’ ಎಂದು ಕೇಳುವ ಬಿಳಿ ರಕ್ತಕಣಗಳಿಲ್ಲ. ನಮ್ಮಲ್ಲಿವೆ. ನಮ್ಮ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೇಲೂ ಎಚ್‌ಎಲ್‌ಎ ಎಂಬ ಗುರುತಿನ ಪ್ರೋಟೀನುಗಳಿವೆ. ಅವುಗಳಲ್ಲಿ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದದ್ದು. ಗುರುತು ಬೇರೆಯಾದರೆ ಟಿ ಕೋಶಗಳು ಆ ಅಂಗದ ಮೇಲೆ ಬೀಳುತ್ತವೆ. ಬಾಸ್ಟನ್ನಿನಲ್ಲಿ 1954ರ ಡಿಸೆಂಬರಿನಲ್ಲಿ ಜೋಸೆಫ್ ಮರ್ರೆ ಮಾಡಿದ ಕಿಡ್ನಿ ಕಸಿ ಯಶಸ್ವಿಯಾದದ್ದು ಕೊಟ್ಟವನೂ ಪಡೆದವನೂ ತದ್ರೂಪಿ ಅವಳಿಗಳಾಗಿದ್ದುದರಿಂದ. ಇಬ್ಬರ ಗುರುತೂ ಒಂದೇ.

ಇಲ್ಲಿ ಹಲಗೆಯ ಮೇಲೆ ಎರಡು ವಾಕ್ಯ ಬರೆದು ಮಕ್ಕಳನ್ನು ಸುಮ್ಮನೆ ನೋಡಲು ಬಿಟ್ಟೆ. ‘ತಾಯಿಯ ಕಿಡ್ನಿ ಮಗನಿಗೆ ಅರ್ಧ ಹೊಂದುತ್ತದೆ, ಆದರೂ ಮಗ ಆ ಕಿಡ್ನಿ ಇರುವವರೆಗೂ ಮಾತ್ರೆ ನುಂಗಬೇಕು.’ ‘ಅದೇ ಮಗ ಅದೇ ತಾಯಿಯ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಯಾವ ಮಾತ್ರೆಯೂ ಇಲ್ಲದೆ ಇದ್ದ.’ ಪಾಠದ ಉಳಿದದ್ದೆಲ್ಲ ಈ ಎರಡು ವಾಕ್ಯಗಳ ನಡುವಿನ ಅಂತರವನ್ನು ತುಂಬುವ ಕೆಲಸ.

ಮಕ್ಕಳು ಕೊಡುವ ಮೊದಲ ಉತ್ತರ, ‘ತಾಯಿ ಮೈಗೆ ಕೂಸು ಗೊತ್ತೇ ಆಗುವುದಿಲ್ಲ.’ ಮೆಡಾವರ್ ಊಹಿಸಿದ ಕಾರಣಗಳೂ ಇದಕ್ಕೆ ಹತ್ತಿರವೇ: ತಾಯಿಗೂ ಕೂಸಿಗೂ ನಡುವೆ ಗೋಡೆಯಿರಬಹುದು, ಕೂಸಿನ ಗುರುತು ಇನ್ನೂ ಬಲಿತಿರಲಿಕ್ಕಿಲ್ಲ, ಅಥವಾ ಆ ಸಮಯದಲ್ಲಿ ತಾಯಿಯ ರೋಗನಿರೋಧಕ ಶಕ್ತಿಯೇ ಮಂದವಾಗಿರಬಹುದು. ಗೋಡೆಯ ಮಾತಿನಲ್ಲಿ ತಕ್ಕಮಟ್ಟಿಗೆ ನಿಜವಿದೆ. ಉಳಿದೆರಡು ನಿಲ್ಲಲಿಲ್ಲ. ಅದನ್ನು ತೋರಿಸಲು ಪ್ರಯೋಗಾಲಯ ಬೇಕಿಲ್ಲ, ತಾಯಿ ಕಾರ್ಡ್ ಸಾಕು. ಅದರಲ್ಲಿ ರಕ್ತದ ಗುಂಪು ಮತ್ತು ಆರ್‌ಎಚ್ ಬರೆಯುವ ಜಾಗವಿದೆ. ಏಕೆ ಬರೆಯುತ್ತಾರೆ?

ನಮ್ಮ ದೇಶದಲ್ಲಿ ನೂರಕ್ಕೆ ಐದಾರು ಮಂದಿ ಆರ್‌ಎಚ್ ನೆಗೆಟಿವ್, ಅಂದರೆ ಅವರ ಕೆಂಪು ರಕ್ತಕಣದ ಮೇಲೆ ‘ಡಿ’ ಎಂಬ ಪ್ರತಿಜನಕ ಇಲ್ಲ. ತಾಯಿ ನೆಗೆಟಿವ್, ಕೂಸು ಪಾಸಿಟಿವ್ ಆದರೆ ಹೆರಿಗೆಯ ಹೊತ್ತಿಗೆ ಕೂಸಿನ ರಕ್ತ ಸ್ವಲ್ಪ ತಾಯಿಯೊಳಗೆ ಸೇರಬಹುದು. ತಾಯಿಯ ಮೈ ನಿಧಾನವಾಗಿ ಪ್ರತಿಕಾಯ ತಯಾರಿಸುತ್ತದೆ. ಅಷ್ಟರಲ್ಲಿ ಕೂಸು ಹೊರಗೆ ಬಂದಾಗಿದೆ, ಚೊಚ್ಚಲ ಕೂಸಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ನೆನಪಿನ ಕೋಶಗಳು ಉಳಿಯುತ್ತವೆ. ಮುಂದಿನ ಪಾಸಿಟಿವ್ ಕೂಸು ಬಂದಾಗ ಜರಾಯು ದಾಟಬಲ್ಲ ಸಣ್ಣ ಪ್ರತಿಕಾಯಗಳು ಬೇಗನೆ, ಬಹಳವಾಗಿ ಹುಟ್ಟಿ ಕೂಸಿನ ರಕ್ತಕಣಗಳನ್ನು ಒಡೆಯುತ್ತವೆ. ರಕ್ತಹೀನತೆ, ಕಾಮಾಲೆ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾವು. ತಾಯಿಯ ರೋಗನಿರೋಧಕ ವ್ಯವಸ್ಥೆ ಮಲಗಿರಲಿಲ್ಲ. ಕೂಸಿನ ಗುರುತೂ ಹಸಿಯಾಗಿರಲಿಲ್ಲ.

ಈ ಘಟ್ಟದಲ್ಲಿ ಅವಸರ ಮಾಡಬೇಡಿ. ಮೊದಲ ಕೂಸು ಚೆನ್ನಾಗಿದ್ದು ಎರಡನೆಯದು, ಮೂರನೆಯದು ಉಳಿಯದಿದ್ದರೆ ನಮ್ಮ ಹಳ್ಳಿಗಳಲ್ಲಿ ಮಾತು ಬರುವುದು ಸೊಸೆಯ ಮೇಲೆ. ಅವಳ ಕಾಲ್ಗುಣ, ಯಾರದೋ ಕಣ್ಣು, ದೇವರ ಹರಕೆ. ಗರ್ಭ ನಿಲ್ಲದಿರಲು ಬೇರೆ ಕಾರಣಗಳೂ ಅನೇಕವಿವೆ ಎಂದು ಹೇಳಿಯೇ, ಈ ಒಂದು ಕಾರಣವನ್ನು ತಡೆಯಲು 1968ರಿಂದ ಔಷಧವಿದೆ ಎಂಬುದನ್ನು ದಪ್ಪಕ್ಷರದಲ್ಲಿ ಬರೆಯಬೇಕು. ಆಂಟಿ-ಡಿ ಚುಚ್ಚುಮದ್ದನ್ನು ಹೆರಿಗೆಯಾದ 72 ಗಂಟೆಯೊಳಗೆ ಕೊಟ್ಟರೆ, ತಾಯಿಯ ಮೈ ಕೂಸಿನ ರಕ್ತಕಣಗಳನ್ನು ಕಂಡು ನೆನಪಿಟ್ಟುಕೊಳ್ಳುವ ಮೊದಲೇ ಅವು ಇಲ್ಲವಾಗುತ್ತವೆ. ಏಳು ತಿಂಗಳ ಸುಮಾರಿಗೆ ಒಮ್ಮೆ ಕೊಡುವ ಪದ್ಧತಿಯೂ ಇದೆ. ಗರ್ಭಪಾತವಾದಾಗಲೂ ವೈದ್ಯರಲ್ಲಿ ಇದನ್ನು ಕೇಳಬೇಕು. ನೆನಪು ಒಮ್ಮೆ ಮೂಡಿದ ಮೇಲೆ ಈ ಮದ್ದು ಕೆಲಸ ಮಾಡುವುದಿಲ್ಲ.

ಒಂದು ಎಚ್ಚರ. ‘ನಿಮ್ಮ ಅಪ್ಪ ಅಮ್ಮನ ರಕ್ತದ ಗುಂಪು ಬರೆದುಕೊಂಡು ಬನ್ನಿ’ ಎಂಬ ಚಟುವಟಿಕೆ ಕೆಲವು ಪಾಠ ಯೋಜನೆಗಳಲ್ಲಿ ಕಾಣುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ತಪ್ಪಾಗಿ ಬರೆದ ಒಂದು ಗುಂಪಿನಿಂದ ಮನೆಯಲ್ಲಿ ಎಂಥ ಸಂಶಯ ಹುಟ್ಟಬಹುದೆಂದು ಯೋಚಿಸಿ. ಬರೆಯದ ಕಾರ್ಡಿನ ಮೇಲೆ ಕಾಲ್ಪನಿಕ ದಂಪತಿಗಳ ಉದಾಹರಣೆ ಸಾಕಾಗುತ್ತದೆ.

‘ಎರಡನೇ ಸಲ ಜೋರು’ ಎಂಬ ನಿಯಮ ಕಸಿಯಲ್ಲೂ ಸ್ಪಷ್ಟವಾಗಿ ಕಂಡಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಗ್ಲಾಸ್ಗೋದ ಆಸ್ಪತ್ರೆಯಲ್ಲಿ ಸುಟ್ಟಗಾಯದ ಒಬ್ಬ ಮಹಿಳೆಗೆ ಅವಳ ಸಹೋದರನ ಚರ್ಮದ ತುಣುಕುಗಳನ್ನು ಹಾಕಿದರು. ಮೊದಲ ಕಂತು ಕೆಲವು ದಿನ ನಿಂತು ಉದುರಿತು. ಎರಡನೆಯ ಕಂತು ಅದಕ್ಕಿಂತ ಬೇಗ ಹೋಯಿತು. ಗಿಬ್ಸನ್ ಮತ್ತು ಮೆಡಾವರ್ 1943ರಲ್ಲಿ ಇದನ್ನು ಪ್ರಕಟಿಸಿದರು. ತಿರಸ್ಕಾರವೆಂದರೆ ಹೊಲಿಗೆಯ ದೋಷವಲ್ಲ, ಕಲಿತ ಪಾಠ ಎಂದು ಅಲ್ಲಿಂದ ಗೊತ್ತಾಯಿತು.

ಹಾಗಾದರೆ ಎರಡನೇ ಕೂಸು, ಮೂರನೇ ಕೂಸು ಸಾಮಾನ್ಯವಾಗಿ ಹೇಗೆ ಉಳಿಯುತ್ತವೆ? ಉತ್ತರದ ಬಹುಭಾಗ ಜರಾಯುವಿನಲ್ಲಿದೆ. ತಾಯಿಯ ರಕ್ತಕ್ಕೆ ತಾಗುವ ಜರಾಯುವಿನ ಹೊರಪದರ ಕೂಸಿನ ಕಡೆಯದೇ, ತಾಯಿಯದಲ್ಲ. ಆದರೆ ಆ ಪದರದ ಮೇಲೆ ಮಾಮೂಲಿ ಎಚ್‌ಎಲ್‌ಎ ಗುರುತುಗಳನ್ನು ಕೂಸು ತೋರಿಸುವುದೇ ಇಲ್ಲ. ಗರ್ಭಕೋಶದ ಗೋಡೆಯೊಳಕ್ಕೆ ಬೇರುಬಿಡುವ ಕೋಶಗಳು ಮಾತ್ರ ಎಚ್‌ಎಲ್‌ಎ-ಜಿ ಎಂಬ ವಿಶೇಷ ಗುರುತನ್ನು ಹೊತ್ತಿರುತ್ತವೆ. ಅದು ಅಲ್ಲಿನ ಬಿಳಿಕಣಗಳಿಗೆ ‘ಕೈ ಮಾಡಬೇಡ’ ಎನ್ನುವ ಸಂಕೇತ. ತಾಯಿಯ ಕಡೆಯಿಂದಲೂ ಸಿಟ್ಟು ತಣಿಸುವ ನಿಯಂತ್ರಕ ಟಿ ಕೋಶಗಳು ಹೆಚ್ಚುತ್ತವೆ. ಎರಡೂ ಕಡೆಯವರು ಕೆಲಸ ಮಾಡಿ ಉಳಿಸಿಕೊಂಡ ಒಪ್ಪಂದ ಇದು. ಇದೇ ಬಾಗಿಲಿನಿಂದ ತಾಯಿಯ ಒಳ್ಳೆಯ ಪ್ರತಿಕಾಯಗಳೂ ಕೂಸಿಗೆ ಹೋಗಿ ಹುಟ್ಟಿದ ಮೇಲೆ ಕೆಲವು ತಿಂಗಳು ಅದನ್ನು ಕಾಯುತ್ತವೆ. ಆರ್‌ಎಚ್ ಪ್ರತಿಕಾಯ ನುಗ್ಗುವುದೂ ಅದೇ ಬಾಗಿಲಿನಿಂದ.

ಹೊಲಮನೆಯ ಮಕ್ಕಳು ಹೆಚ್ಚು ಗಮನಕೊಟ್ಟು ಕೇಳಿದ್ದು ಅವಳಿ ಕರುಗಳ ಸಂಗತಿ. ಹೋರಿಗರುವಿನ ಜೊತೆ ಹುಟ್ಟಿದ ಹೆಣ್ಣುಗರು ಬಹುತೇಕ ಗೊಡ್ಡಾಗುತ್ತದೆ ಎಂದು ಒಬ್ಬ ಹುಡುಗ ತಾನೇ ಹೇಳಿದ. ಹೊಟ್ಟೆಯಲ್ಲಿ ಅವುಗಳ ಜರಾಯು ಕೂಡಿ ರಕ್ತ ಬೆರೆಯುವುದೇ ಕಾರಣ. ಅಂಥ ಅವಳಿಗಳು ದೊಡ್ಡವಾದ ಮೇಲೂ ಒಂದರ ಮೈಯಲ್ಲಿ ಇನ್ನೊಂದರ ರಕ್ತಕಣ ಇರುವುದನ್ನು ರೇ ಓವನ್ 1945ರಲ್ಲಿ ತೋರಿಸಿದರು. ಮೆಡಾವರ್ ತಂಡ ಅಂಥ ದನಗಳ ನಡುವೆ ಚರ್ಮ ಕಸಿ ಮಾಡಿದಾಗ, ತದ್ರೂಪಿಗಳಲ್ಲದವೂ ಸಾಮಾನ್ಯವಾಗಿ ಒಪ್ಪಿಕೊಂಡವು. ಹುಟ್ಟುವ ಮೊದಲು ಪರಿಚಯವಾದದ್ದನ್ನು ಮೈ ತನ್ನದೆಂದು ಕಲಿಯುತ್ತದೆ. ಈ ಕೆಲಸಗಳ ಸಾಲಿಗೆ ಮೆಡಾವರ್‌ಗೆ 1960ರಲ್ಲಿ ನೊಬೆಲ್ ಬಂತು.

ಕೊನೆಯ ಹತ್ತು ನಿಮಿಷ ಆಸ್ಪತ್ರೆಗೆ. ಹೆತ್ತ ತಾಯಂದಿರಲ್ಲಿ ಕೆಲವರ ರಕ್ತದಲ್ಲಿ ಗಂಡನ ಎಚ್‌ಎಲ್‌ಎ ವಿರುದ್ಧದ ಪ್ರತಿಕಾಯಗಳು ಉಳಿದಿರುತ್ತವೆ. ಕೂಸಿಗೆ ಅವುಗಳಿಂದ ತೊಂದರೆ ಅಪರೂಪ. ಆದರೆ ಮುಂದೆ ಅವಳಿಗೇ ಕಿಡ್ನಿ ಬೇಕಾಗಿ ಗಂಡನೋ ಮಗನೋ ಕೊಡಲು ಬಂದರೆ ಅಡ್ಡಿಯಾಗಬಹುದು. ಇಬ್ಬರ ರಕ್ತ ಬೆರೆಸಿ ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆ ಮಾಡುವುದು ಇಂಥದ್ದನ್ನು ಪತ್ತೆಹಚ್ಚಲಿಕ್ಕೆ. ನಮ್ಮ ದೇಶದಲ್ಲಿ ಬದುಕಿರುವಾಗ ಕಿಡ್ನಿ ಕೊಡುವವರಲ್ಲಿ ಹೆಂಗಸರು ಹೆಚ್ಚು, ಪಡೆಯುವವರಲ್ಲಿ ಗಂಡಸರು ಹೆಚ್ಚು. ಈ ಪ್ರತಿಕಾಯಗಳೇ ಅದಕ್ಕೆ ಕಾರಣವೆಂದು ಮಕ್ಕಳು ತೀರ್ಮಾನಿಸದಂತೆ ನೋಡಿಕೊಳ್ಳಿ. ಆ ಅಂತರ ಬಹುಮಟ್ಟಿಗೆ ಮನೆಯೊಳಗಿನದು, ಮೈಯೊಳಗಿನದಲ್ಲ. 1994ರ ಕಾಯ್ದೆ, ಸತ್ತ ನಂತರದ ದಾನವನ್ನು ನೋಡಿಕೊಳ್ಳುವ ನಮ್ಮ ರಾಜ್ಯದ ‘ಜೀವಸಾರ್ಥಕತೆ’, ಬೆಂಗಳೂರಿನ ಸರ್ಕಾರಿ ನೆಫ್ರೊ-ಯುರಾಲಜಿ ಸಂಸ್ಥೆ, ಇವುಗಳ ಹೆಸರಷ್ಟೇ ಹೇಳಿ ಮುಂದೆ ಹೋದೆ.

ಮೌಲ್ಯಮಾಪನಕ್ಕೆ ಎರಡು ಪ್ರಶ್ನೆ. ತಾಯಿ ಓ ನೆಗೆಟಿವ್, ತಂದೆ ಬಿ ನೆಗೆಟಿವ್: ಆರ್‌ಎಚ್ ತೊಂದರೆ ಬರುತ್ತದೆಯೇ? ತಾಯಿ ಪಾಸಿಟಿವ್, ತಂದೆ ನೆಗೆಟಿವ್: ಆಗ? ಎರಡಕ್ಕೂ ‘ಇಲ್ಲ’ ಎಂಬುದೇ ಉತ್ತರ, ಆದರೆ ಕಾರಣ ಬೇರೆ ಬೇರೆ. ಮೊದಲನೆಯದರಲ್ಲಿ ಕೂಸಿಗೆ ಡಿ ಬರುವುದಿಲ್ಲ. ಎರಡನೆಯದರಲ್ಲಿ ತಾಯಿಗೆ ಡಿ ಪರಕೀಯವಲ್ಲ. ಕಾರಣ ಬರೆಯದ ಉತ್ತರಕ್ಕೆ ಅಂಕ ಕೊಡಲಿಲ್ಲ.

ಮನೆಗೆಲಸ: ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಆಂಟಿ-ಡಿ ಚುಚ್ಚುಮದ್ದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ಸಿಗುತ್ತದೆ, ರಾತ್ರಿ ಹೆರಿಗೆಯಾದರೆ ಅಲ್ಲಿಗೆ ಹೋಗುವುದು ಹೇಗೆ ಎಂದು ಬರೆದುಕೊಂಡು ಬರುವುದು.