ಎರಡು ವಾರ ಮೀರಿದ ಕೆಮ್ಮು

ಕೆಮ್ಮು ರೋಗವಲ್ಲ, ರೋಗದ ಸುದ್ದಿ. ಶ್ವಾಸನಾಳದಲ್ಲಿ ಧೂಳು, ಹೊಗೆ, ಕಫಗಳು ಸೇರಿದಾಗ ಎದೆಯೊಳಗಿನ ಗಾಳಿಯನ್ನು ರಭಸದಿಂದ ಹೊರದೂಡಿ ಹಾದಿಯನ್ನು ತೆರವುಗೊಳಿಸುವ ದೇಹದ ಉಪಾಯವದು. ನೆಗಡಿಯೊಡನೆ ಬಂದ ಕೆಮ್ಮು ಸಾಮಾನ್ಯವಾಗಿ ಎರಡು ಮೂರು ವಾರಗಳಲ್ಲಿ ತಾನೇ ಅಡಗುವುದು. ಎಂಟು ವಾರ ಮೀರಿದುದನ್ನು ವೈದ್ಯರು ದೀರ್ಘಕಾಲದ ಕೆಮ್ಮು ಎನ್ನುವರು. ಆದರೆ ಕ್ಷಯರೋಗ ಇನ್ನೂ ಅಳಿಯದ ನಮ್ಮ ದೇಶದಲ್ಲಿ ಅಷ್ಟು ದಿನ ಕಾಯುವಂತಿಲ್ಲ. ಎರಡು ವಾರವಾದರೆ ಕಫ ಪರೀಕ್ಷೆಯಾಗಬೇಕು.

ಕಲಾ ವಿಭಾಗದ ವಿದ್ಯಾರ್ಥಿಗೆ ಈ ವಿಷಯವೇಕೆಂದು ವಾಚಕರು ಕೇಳಬಹುದು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಪರವಾಗಿ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಸಮಾಜಶಾಸ್ತ್ರೀಯ ಅಧ್ಯಯನವೊಂದು 1963ರಲ್ಲಿ ಪ್ರಕಟವಾಯಿತು. ಹಳ್ಳಿಗರು ಅಜ್ಞಾನಿಗಳು, ರೋಗ ಬಂದರೂ ಅರಿಯರು ಎಂಬುದು ಅಂದಿನ ಪಂಡಿತರ ನಂಬಿಕೆಯಾಗಿತ್ತು. ಅಧ್ಯಯನವು ಬೇರೆಯೇ ಸಂಗತಿಯನ್ನು ತೋರಿಸಿತು. ಕ್ಷಯರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿದ್ದಿತು. ಸುಮಾರು ಅರ್ಧದಷ್ಟು ಜನ ಆಸ್ಪತ್ರೆಯ ಮೆಟ್ಟಿಲನ್ನೂ ಏರಿದ್ದರು. ಅಲ್ಲಿ ಅನೇಕರಿಗೆ ದೊರೆತದ್ದು ಕೆಮ್ಮಿನ ಔಷಧದ ಸೀಸೆ ಮಾತ್ರ! ಈ ಒಂದು ಸಂಗತಿಗಾಗಿಯಾದರೂ ನಮ್ಮಂಥ ಹಳ್ಳಿಯ ಮಕ್ಕಳು ಆ ಅಧ್ಯಯನವನ್ನು ಓದತಕ್ಕದ್ದು.

ಇನ್ನು ನಮ್ಮ ತೊರಗಲ್ಲ ನಾಡಿನ ಮಾತು. ಬೈಲಹೊಂಗಲ, ಸವದತ್ತಿಯ ಕಡೆ ಎರೆಭೂಮಿ, ಹತ್ತಿಯ ಬೆಳೆ. ಒಲೆಗೆ ಹತ್ತಿಕಟ್ಟಿಗೆ, ಕುಳ್ಳು. ನಮ್ಮಲ್ಲಿ ಕೆಮ್ಮಿಗೊಂದು ಹೆಸರಿಟ್ಟು ಸುಮ್ಮನಾಗುವ ರೂಢಿಯುಂಟು. ಒಲೆಯ ಕೆಮ್ಮು, ಹತ್ತಿಯ ಕೆಮ್ಮು, ಬೀಡಿಯ ಕೆಮ್ಮು ಎಂದೊಡನೆ ವಿಚಾರಣೆ ಮುಗಿಯಿತು.

ನಮ್ಮ ದೊಡ್ಡವ್ವ ಆಯುಷ್ಯದಲ್ಲಿ ಒಂದು ಬೀಡಿ ಮುಟ್ಟಿದವಳಲ್ಲ. ನಲವತ್ತು ವರ್ಷ ಬೆಳಕಿಂಡಿಯಿಲ್ಲದ ಅಡಿಗೆಮನೆಯಲ್ಲಿ ಊದುಗೊಳವೆ ಹಿಡಿದು ರೊಟ್ಟಿ ಬಡಿದಳು. "ಒಲಿ ಮುಂದ ಕುಂತಾಕಿಗೆ ಕೆಮ್ಮು ಬರೂದ ಬಿಡೋ ತಮ್ಮಾ, ಅದಕ್ಕೇನ ಔಷಧ" ಎನ್ನುವಳು. ಬಾವಿಯಿಂದ ಕೊಡ ತರುವಷ್ಟರಲ್ಲಿ ಎರಡು ಸಲ ಕುಳಿತುಕೊಳ್ಳತೊಡಗಿದ ಮೇಲೆ ನಾನೇ ಕರೆದೊಯ್ದೆ. ಕೊಳವೆಯೊಳಗೆ ಜೋರಾಗಿ ಊದಿಸಿ ನೋಡಿದರು. ಅದಕ್ಕೆ ಸ್ಪೈರೋಮೆಟ್ರಿ ಎಂದು ಹೆಸರು. ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತೆಂಬುದನ್ನು ಅದು ಅಳೆಯುವುದು. ಸಿ.ಒ.ಪಿ.ಡಿ. ಎಂದು ಗೊತ್ತಾಯಿತು. ವರ್ಷಾನುಗಟ್ಟಲೆ ಹೊಗೆ ಕುಡಿದ ಶ್ವಾಸಕೋಶದಲ್ಲಿ ಸಣ್ಣ ನಾಳಗಳು ದಪ್ಪಗಟ್ಟಿ ಕಿರಿದಾಗುತ್ತವೆ, ಗಾಳಿಚೀಲಗಳು ಹರಿದು ಸೇರಿಹೋಗುತ್ತವೆ. ಹೋದದ್ದು ಮರಳಿ ಬರುವುದಿಲ್ಲ. ಆದರೆ ಹೊಗೆ ತಪ್ಪಿಸಿ, ಎಳೆದುಕೊಳ್ಳುವ ಔಷಧ ಬಳಸಿದರೆ ಉಸಿರು ಹಗುರಾಗುವುದು. "ಪಂಪು ಹಚ್ಚಿದರೆ ಚಟ ಬೀಳತೈತಿ" ಎಂಬ ಹೆದರಿಕೆ ನಮ್ಮ ಓಣಿಯಲ್ಲೆಲ್ಲ ಇದೆ. ಅದಕ್ಕೆ ಆಧಾರವಿಲ್ಲ. ನುಂಗುವ ಗುಳಿಗೆಗಿಂತ ಬಹಳ ಕಡಿಮೆ ಔಷಧ ನೇರವಾಗಿ ನಾಳಕ್ಕೆ ಮುಟ್ಟುವುದರಿಂದ ಅದೇ ಮೇಲು.

ಹತ್ತಿಯ ಕೆಮ್ಮಿನ ನಡತೆ ವಿಚಿತ್ರ. ವಾರದ ರಜೆ ಕಳೆದು ಕೆಲಸಕ್ಕೆ ಮರಳಿದ ಮೊದಲ ದಿನವೇ ಎದೆ ಬಿಗಿಯುವುದು, ಮುಂದಿನ ದಿನಗಳಲ್ಲಿ ಸಡಿಲಾಗುವುದು. ಇದಕ್ಕೆ ಬಿಸಿನೋಸಿಸ್ ಎನ್ನುವರು. ನೂಲಿನ ಗಿರಣಿಗಳಲ್ಲಿ ಹೆಚ್ಚು, ಜಿನ್ನಿನಲ್ಲಿಯೂ ಉಂಟು. ಹತ್ತಿಯ ಧೂಳಿನಲ್ಲಿರುವ ಸೂಕ್ಷ್ಮಜೀವಿಗಳ ವಿಷವೇ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ಆರಂಭದಲ್ಲಿ ಧೂಳಿನಿಂದ ದೂರ ಸರಿದರೆ ಗುಣವಾಗುವುದು. ವರ್ಷಗಳು ಕಳೆದರೆ ಇಲ್ಲ. ಆದರೆ ಹಮಾಲಿ ಮಾಡುವವನು ಎಲ್ಲಿಗೆ ದೂರ ಸರಿಯಬೇಕು?

ಬೀಡಿಯ ವಿಷಯ ಎಲ್ಲರಿಗೂ ಗೊತ್ತಿದ್ದದ್ದೇ. ವಸತಿಗೃಹದ ಹಿಂದಿನ ಗೋಡೆಗೆ ಇನ್ನೂ ಚೆನ್ನಾಗಿ ಗೊತ್ತು. ರಾತ್ರಿ, ನಸುಕಿನಲ್ಲಿ ಸುಂಯ್‌ಗುಡುತ್ತ ಬಂದು ಹಗಲು ಮಾಯವಾಗುವ ಕೆಮ್ಮು ದಮ್ಮಿನದಾಗಿರಬಹುದು. ಹೊಟ್ಟೆಯ ಹುಳಿ ಮೇಲೇರಿದರೂ, ಮೂಗಿನ ಸಿಂಬಳ ಗಂಟಲಿಗಿಳಿದರೂ, ಎನಲಾಪ್ರಿಲ್‌ನಂತಹ ರಕ್ತದೊತ್ತಡದ ಗುಳಿಗೆಯಿಂದಲೂ ಒಣಕೆಮ್ಮು ಬರುವುದುಂಟು. ಕಫದಲ್ಲಿ ರಕ್ತ ಕಂಡರೆ ಮಾತ್ರ ಒಂದು ದಿನವೂ ತಡೆಯಬಾರದು.

ಇವೆಲ್ಲವುಗಳ ಮರೆಯಲ್ಲಿ ಕ್ಷಯ ಅಡಗಿ ಕೂಡ್ರಬಲ್ಲದು. ಒಲೆಯ ಮುಂದೆ ಕುಳಿತವಳಿಗೆ ಕ್ಷಯ ಬರಬಾರದೆಂದೇನೂ ಇಲ್ಲವಷ್ಟೆ! ಸಂಜೆಯ ಜ್ವರ, ರಾತ್ರಿ ಬೆವರು, ಇಳಿಯುವ ತೂಕ ಅದರ ಗುರುತುಗಳು. ಮನೆ ಬಿಟ್ಟು ಆರೋಗ್ಯಧಾಮ ಸೇರಬೇಕಾದ ಕಾಲ ಹೋಯಿತು. ಮನೆಯಲ್ಲಿದ್ದೇ ಗುಳಿಗೆ ನುಂಗಿ ಗುಣವಾಗಬಹುದೆಂದು ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಪ್ರಯೋಗವು ಸಿದ್ಧಪಡಿಸಿತು. ಸಾಮಾನ್ಯ ಕ್ಷಯಕ್ಕೆ ಈಗ ಆರು ತಿಂಗಳ ಚಿಕಿತ್ಸೆ, ಸರಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿಯಿದ್ದ ನೆರವು 2024ರ ನವೆಂಬರಿನಿಂದ 1000 ಆಗಿದೆ. ಮದ್ದು ಹಿಡಿದ ಕೆಲ ವಾರಗಳಲ್ಲೇ ಇತರರಿಗೆ ಹರಡುವ ಭಯ ಬಹಳ ಕುಗ್ಗುವುದರಿಂದ ರೋಗಿಯ ತಾಟು, ಲೋಟ ಬೇರೆಯಿಡುವ ಕಾರಣವಿಲ್ಲ.

ಪರೀಕ್ಷೆಗೆ ಹೋಗುವವರು ಒಂದನ್ನು ತಿಳಿದಿರಬೇಕು. ಬಾಯಿಯ ಉಗುಳು ಕೊಟ್ಟರೆ ರೋಗವಿದ್ದರೂ ಸಿಕ್ಕದು. ಬಾಯಿ ಮುಕ್ಕಳಿಸಿ, ಬಯಲಿನಲ್ಲಿ ನಿಂತು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಎದೆಯೊಳಗಿಂದ ಕೆಮ್ಮಿ ತೆಗೆದ ಕಫ ಬೇಕು. ನಸುಕಿನಲ್ಲಿ ಎದ್ದೊಡನೆ ಬರುವುದು ಎಲ್ಲಕ್ಕೂ ಉತ್ತಮ.