ಕೋನ್ ಫಿಲ್ಟರ್ ಹಾಕಿಸಿದ ಮೇಲೆ ನೋಡಬೇಕಾದ ಪೈಪು

ಕಂಪನಿಯ ಫಿಲ್ಟರ್ ಪೆಟ್ಟಿಗೆ ಕಿತ್ತು ಕೋನ್ ಫಿಲ್ಟರ್ ಕೂರಿಸಿದರೆ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ, ಜೊತೆಗೆ ಪೆಟ್ರೋಲ್ ಒತ್ತಡವೂ ಏರುತ್ತದೆ ಎಂಬ ಮಾತು ಶಿವಾಜಿನಗರದ ಬಿಡಿಭಾಗಗಳ ಅಂಗಡಿಯಿಂದ ಇಂದಿರಾನಗರದ ಕಾರು ಪ್ರಿಯರವರೆಗೆ ಓಡಾಡುತ್ತಿರುತ್ತದೆ. ಮಾತಿನ ಎರಡನೆಯ ಭಾಗ ತಪ್ಪು.

ನನಗದು ಮನದಟ್ಟಾದದ್ದು ಹಲಸೂರಿನ ಗ್ಯಾರೇಜೊಂದರಲ್ಲಿ, ಪರಿಚಿತರೊಬ್ಬರ ಹಳೆಯ ಎಂಪಿಎಫ್‌ಐ ಕಾರಿನಿಂದ. ಹೊಸ ಫಿಲ್ಟರ್ ಬಂದ ಮೇಲೆ ಮೈಲೇಜ್ ಇಳಿದಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸೈಲೆನ್ಸರ್‌ನಿಂದ ಪೆಟ್ರೋಲ್ ವಾಸನೆ. ಬೇರೆ ಕಡೆ ಪಂಪ್ ಬದಲಿಸಲು ಹೇಳಿದ್ದರು. ಇಲ್ಲಿನ ಮೆಕ್ಯಾನಿಕ್ ಪಂಪ್ ಮುಟ್ಟಲಿಲ್ಲ. ಇಂಜೆಕ್ಟರ್ ರೈಲಿಗೆ ಗೇಜ್ ಕಟ್ಟಿದರು. ಐಡ್ಲಿಂಗ್‌ನಲ್ಲಿ ಮುಳ್ಳು 3 ಬಾರ್ ತೋರಿಸಿತು.

“ಎರಡೂವರೆ ಇರ್ಬೇಕಿತ್ತು ಸಾರ್,” ಎಂದವರು ಬಾನೆಟ್ ಒಳಗೆ ಬಗ್ಗಿದರು. ಪ್ರೆಷರ್ ರೆಗ್ಯುಲೇಟರ್‌ನಿಂದ ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ಹೋಗುವ ಪೆನ್ಸಿಲ್ ದಪ್ಪದ ರಬ್ಬರ್ ಪೈಪು ಕಳಚಿತ್ತು. ಫಿಲ್ಟರ್ ಕೂರಿಸಿದವರು ಮ್ಯಾನಿಫೋಲ್ಡ್ ಕಡೆಯ ತೂತಿಗೆ ಬಿರಡೆ ಹಾಕಿ ಬಿಟ್ಟಿದ್ದರು.

ಐಡ್ಲಿಂಗ್‌ನಲ್ಲಿ ಥ್ರಾಟಲ್ ಬಹುತೇಕ ಮುಚ್ಚಿರುವುದರಿಂದ ಮ್ಯಾನಿಫೋಲ್ಡ್ ಒಳಗೆ ವ್ಯಾಕ್ಯೂಮ್ ಹುಟ್ಟುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು ಹೆಚ್ಚುಕಡಿಮೆ ಅರ್ಧ ಬಾರ್. ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವುದು ಅದರೊಳಕ್ಕೇ. ಹಾಗಾಗಿ ರೈಲಿನ ಒತ್ತಡವನ್ನೂ ಅಷ್ಟೇ ತಗ್ಗಿಸಿ, ಎರಡರ ನಡುವಿನ ಅಂತರವನ್ನು 3 ಬಾರ್‌ನಲ್ಲಿ ಕಾಯುವುದು ರೆಗ್ಯುಲೇಟರ್ ಕೆಲಸ. ಪೈಪು ಕಳಚಿದರೆ ವ್ಯಾಕ್ಯೂಮಿನ ಸುದ್ದಿ ಅದಕ್ಕೆ ತಲುಪುವುದಿಲ್ಲ. ಅಂತರ ಮೂರೂವರೆ ಬಾರ್ ಆಗುತ್ತದೆ. ಹರಿವು ಏರುವುದು ಒತ್ತಡದ ವರ್ಗಮೂಲದಂತೆ, ಅಂದರೆ ಇಂಜೆಕ್ಟರ್ ಅಷ್ಟೇ ಹೊತ್ತು ತೆರೆದರೂ ಸುಮಾರು ಶೇ. 8ರಷ್ಟು ಹೆಚ್ಚು ಪೆಟ್ರೋಲ್. ಆಕ್ಸಿಜನ್ ಸೆನ್ಸರ್ ಚುರುಕಾಗಿದ್ದರೆ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ಇದನ್ನು ಸರಿದೂಗಿಸುತ್ತದೆ. ಸೆನ್ಸರ್ ಹಳೆಯದಾಗಿದ್ದರೆ, ಎಂಜಿನ್ ಇನ್ನೂ ತಣ್ಣಗಿದ್ದರೆ, ಆ ನೆರವಿಲ್ಲ.

ಹೊಸ ಪೈಪು ಹಾಕಿ ಕ್ಲಿಪ್ ಬಿಗಿದೊಡನೆ ಮುಳ್ಳು ಎರಡೂವರೆಗೆ ಇಳಿಯಿತು. ಕೋನ್ ಫಿಲ್ಟರ್ ಇದ್ದಲ್ಲೇ ಇತ್ತು!

ಫಿಲ್ಟರ್ ಇರುವುದು ಥ್ರಾಟಲ್‌ಗಿಂತ ಮುಂಚೆ; ರೈಲಿನ ಒತ್ತಡಕ್ಕೂ ಅದಕ್ಕೂ ನೇರ ನಂಟಿಲ್ಲ. ಇತ್ತೀಚಿನ ಅನೇಕ ಕಾರುಗಳಲ್ಲಿ ರೆಗ್ಯುಲೇಟರ್ ಟ್ಯಾಂಕಿನೊಳಗೇ ಕುಳಿತು ಒಂದೇ ಒತ್ತಡ ಕೊಡುತ್ತದೆ, ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕೆಂಬುದನ್ನು ಇಸಿಯು ನಿರ್ಧರಿಸುತ್ತದೆ. ಕೋನ್ ಫಿಲ್ಟರಿನ ನಿಜವಾದ ತೊಂದರೆ ಬೇರೆ. ಟಿನ್ ಫ್ಯಾಕ್ಟರಿಯಿಂದ ಕೆ.ಆರ್. ಪುರಂ ತೂಗುಸೇತುವೆಯವರೆಗೆ ತೆವಳುವಾಗ ತೆರೆದ ಫಿಲ್ಟರ್ ಎಂಜಿನ್ ಪಕ್ಕದ ಬಿಸಿಗಾಳಿಯನ್ನೇ ಎಳೆಯುತ್ತದೆ. 30 ಡಿಗ್ರಿಯ ಗಾಳಿ 60 ಡಿಗ್ರಿಗೆ ಕಾದರೆ ಅದರ ಸಾಂದ್ರತೆ ಶೇ. 9ರಷ್ಟು ಕುಸಿಯುತ್ತದೆ. ಹೆಚ್ಚು ಗಾಳಿ ಬೇಕೆಂದು ಹಾಕಿಸಿದ್ದರಿಂದ ಸಿಗುವುದು ತೆಳು ಗಾಳಿ.

ಪಂಪಿಗೆ ದುಡ್ಡು ಕೊಡುವ ಮೊದಲು ಗೇಜ್ ಕಟ್ಟಿಸಿ. ಹಳೆಯ ಮಾದರಿಯ ಕಾರಿನಲ್ಲಿ ಐಡ್ಲಿಂಗ್‌ನಲ್ಲಿ ಆ ಪೈಪು ಕಳಚಿದಾಗ ಮುಳ್ಳು ಏರದಿದ್ದರೆ, ಪೈಪನ್ನೂ ರೆಗ್ಯುಲೇಟರನ್ನೂ ಪರೀಕ್ಷಿಸಲು ಹೇಳಿ.