ಮಗು ‘ಯಾಕೆ?’ ಅಂದಾಗ

ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳ ಮಾತನ್ನು ಮನೆಯ ಮಕ್ಕಳ ಕೈಲಿ ಬೇಗ ಬೇಗ ಹೇಳಿಸಿ ನೋಡಿ. ಎರಡು ಸಲ ಸರಿಯಾಗಿ ಬಂದೀತು, ಆಮೇಲೆ ಕುರಿ ಹೋಗಿ ‘ಕಿರಿ’, ಮರಿ ಹೋಗಿ ‘ಮುರಿ’. ನಕ್ಕು ಮುಗಿದ ಮೇಲೆ ಮಗು ಕೇಳುತ್ತದೆ, ‘ನಾಲಿಗೆ ಯಾಕೆ ಹಿಂಗೆ ತೊದಲುತ್ತೆ?’ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಎಳೆಯ ಅಪ್ಪ ಅಮ್ಮಂದಿರೇ, ಆಗ ಮಾತ್ರ ‘ಸುಮ್ನಿರು, ತಲೆ ತಿನ್ಬೇಡ’ ಅನ್ನಬೇಡಿ ಕಣ್ರಪ್ಪಾ. ಮೊಬೈಲ್ ಕೈಗಿಟ್ಟು ನುಣುಚಿಕೊಳ್ಳಲೂ ಬೇಡಿ.

ಉತ್ತರ ಬಾಯೊಳಗೇ ಇದೆ. ‘ಕ’ ಅನ್ನಲು ನಾಲಿಗೆಯ ಹಿಂಭಾಗ ಮೇಲೇಳಬೇಕು, ‘ರ’ಕ್ಕೆ ತುದಿ ಆಡಬೇಕು, ‘ಮ’ಕ್ಕೆ ತುಟಿ ಕೂಡಬೇಕು. ಕರಿ, ಕುರಿ, ಮರಿ ಮೂರಕ್ಕೂ ಬಾಲ ಒಂದೇ, ತಲೆ ಮಾತ್ರ ಬೇರೆ. ಮುಂದೆ ಬರುವ ಪದವನ್ನು ಮಿದುಳು ಮೊದಲೇ ಸಜ್ಜು ಮಾಡಿಕೊಳ್ಳುವುದರಿಂದ ಅವಸರದಲ್ಲಿ ಒಂದರ ತಲೆ ಇನ್ನೊಂದಕ್ಕೆ ಕೂತುಬಿಡುತ್ತದೆ. ಮಗುವಿನ ಬೆರಳನ್ನು ಅದರ ತುಟಿಯ ಮೇಲೇ ಇಡಿಸಿ ನಿಧಾನಕ್ಕೆ ಹೇಳಿಸಿ. ಎಲ್ಲಿ ತುಟಿ ಮುಚ್ಚುತ್ತದೆ, ಎಲ್ಲಿ ನಾಲಿಗೆ ಹೊರಳುತ್ತದೆ ಅನ್ನುವುದು ಅದಕ್ಕೇ ತಿಳಿಯುತ್ತದೆ.

ಅಜ್ಜಂಪುರದ ಕಡೆ ಈರುಳ್ಳಿ ಬೆಳೆಯುವ ಮನೆಗಳಿವೆ. ಅಲ್ಲಿನ ಮಗು, ಹೆಚ್ಚುವಾಗ ಅಮ್ಮ ಯಾಕೆ ಅಳುತ್ತಾಳೆ ಅಂತ ಕೇಳದೆ ಇರುತ್ತದೆಯೇ? ಕೊಯ್ದಾಗ ಈರುಳ್ಳಿಯೊಳಗಿನ ಜೀವಕೋಶಗಳು ಒಡೆದು, ಬೇರೆಬೇರೆಯಾಗಿದ್ದ ರಸಗಳು ಬೆರೆತು, ಗಂಧಕದ ಅಂಶವಿರುವ ಒಂದು ಅನಿಲ ಏಳುತ್ತದೆ. ಅದನ್ನು ತೊಳೆಯಲೆಂದೇ ಕಣ್ಣು ನೀರು ಸುರಿಸುವುದು. ಇದಕ್ಕೆ ಕಾರಣವಾದ ಕಿಣ್ವವನ್ನು ಜಪಾನಿನ ವಿಜ್ಞಾನಿಗಳು ಪತ್ತೆ ಹಚ್ಚಿದ್ದು 2002ರಲ್ಲಿ. ಅಷ್ಟು ತಡವಾಗಿ! ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ 2013ರಲ್ಲಿ ಅವರಿಗೆ ಸಿಕ್ಕಿತು. ಒಂದು ಗಡ್ಡೆಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಇನ್ನೊಂದನ್ನು ಹಾಗೇ ಬಿಟ್ಟು, ಎರಡನ್ನೂ ಹರಿತವಾದ ಈಳಿಗೆಮಣೆಯಲ್ಲಿ ಹೆಚ್ಚಿ. ಯಾವುದಕ್ಕೆ ಉರಿ ಕಡಿಮೆ ಎಂದು ಮಗುವೇ ಹೇಳಲಿ.

ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಗೆ ಹತ್ತುವಾಗ ಕಿವಿ ಗವ್ವನ್ನುತ್ತದಲ್ಲ, ಅದು ಹೊರಗಿನ ಗಾಳಿಯ ಒತ್ತಡ ತಗ್ಗಿದ್ದಕ್ಕೆ. ಒಂದು ಪೆಪ್ಪರ್ಮಿಂಟ್ ಕೊಟ್ಟು ಎಂಜಲು ನುಂಗಿಸಿ, ಬಿಟ್ಟುಕೊಳ್ಳುತ್ತದೆ.

ಊರ ಹೆಸರುಗಳ ವಿಷಯದಲ್ಲಿ ಸ್ವಲ್ಪ ಹುಷಾರು. ಕಡವೆಗಳಿದ್ದ ಊರು ಕಡೂರಾಯಿತು ಅನ್ನುತ್ತಾರೆ. ಇರಬಹುದು. ಆದರೆ ಹೆಸರನ್ನು ಒಡೆದು ಕಥೆ ಕಟ್ಟುವುದು ಬಲು ಸುಲಭ. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1901ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟವಾಗಿ ಅಚ್ಚು ಹಾಕಿಸಿದ್ದಾರೆ. ಆಗ ಇಡೀ ಜಿಲ್ಲೆಗೇ ಕಡೂರು ಅಂತ ಹೆಸರಿತ್ತು. ಹೈಸ್ಕೂಲಿಗೆ ಹೋಗುವ ಮಗುವಾದರೆ ಅದರಲ್ಲಿ ನಿಮ್ಮೂರಿನ ಹಳೆಯ ಹೆಸರು ಹುಡುಕಲಿ, ಕಥೆ ಆಮೇಲೆ.

ಹಾಗಂತ ಅಜ್ಜಿಯ ಮಾತನ್ನು ಜರೆಯುವುದೂ ನನಗೆ ಹಿಡಿಸದು. ಬಿಕ್ಕಳಿಕೆ ಬಂದರೆ ‘ಯಾರೋ ನೆನೆಸ್ಕೊಂಡ್ರು’ ಅನ್ನುತ್ತೇವೆ. ಅತ್ತೆಯೋ, ಸೋದರಮಾವನೋ ಅಂತ ಒಂದೊಂದೇ ಹೆಸರು ಹೇಳುವಷ್ಟರಲ್ಲಿ ಅದು ತಾನಾಗೇ ನಿಂತಿರುತ್ತದೆ. ಹೇಳಲಿ ಬಿಡಿ, ಚೆಂದದ ಮಾತು. ಜೊತೆಗೆ ಇದನ್ನೂ ಹೇಳಿ: ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯು ಥಟ್ಟನೆ ಕುಗ್ಗುತ್ತದೆ, ಒಳನುಗ್ಗುವ ಗಾಳಿಗೆ ಗಂಟಲ ಬಾಗಿಲು ರಪ್ಪನೆ ಮುಚ್ಚುತ್ತದೆ, ಆ ಸದ್ದೇ ಬಿಕ್ಕು. ಅಮೆರಿಕದ ಚಾರ್ಲ್ಸ್ ಆಸ್ಬಾರ್ನ್ 1922ರಿಂದ 1990ರವರೆಗೆ, 68 ವರ್ಷ ಬಿಕ್ಕಳಿಸಿದ. ಅಷ್ಟು ಕಾಲ ಅವನನ್ನು ನೆನೆದವರು ಯಾರಿರಬಹುದು ಅಂತ ಮಗುವನ್ನೇ ಕೇಳಿ. ಆದರೆ ಮನೆಯಲ್ಲಿ ಯಾರದಾದರೂ ಬಿಕ್ಕಳಿಕೆ ಎರಡು ದಿನ ಕಳೆದರೂ ನಿಲ್ಲದಿದ್ದರೆ, ಹೆಸರು ಹೇಳುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.